ರೋಲ್ ಕವರ್ ಕೊಳ್ಳುವ ಮುನ್ನ ಗಡಿಯಾರ ನೋಡಿ

ಪ್ರಶ್ನೆ: ಸರ್, ತಾರಿಹಾಳದಲ್ಲಿ ನಮ್ಮದೊಂದು ಚಿಕ್ಕ ಯೂನಿಟ್ ಇದೆ. ಬಾಗಿಲ ಕೀಲು, ಸ್ಕ್ರೂ, ವಾಷರ್ ಸೇರಿಸಿ ಸೆಟ್ ಮಾಡಿ, ಕವರ್‌ಗೆ ಹಾಕಿ ಸೀಲ್ ಮಾಡಿ ಕಳಿಸುತ್ತೇವೆ. ದಿನಕ್ಕೆ 2,000 ಕವರ್ ಆಗುತ್ತದೆ. ಬಿಡಿ ಕವರ್ ಬಿಟ್ಟು ರೋಲ್ ತಗೊಳ್ಳಿ, ಕೆಲಸ ಬೇಗ ಆಗುತ್ತೆ ಅಂತ ಪರಿಚಯದವರು ಹೇಳಿದರು. ಒಂದು ರೋಲ್ ತಂದು ನೋಡಿದೆವು. ಏನೂ ಉಳಿಯಲಿಲ್ಲ, ಹರಿಯುವ ಕೆಲಸವೇ ಜಾಸ್ತಿ ಆಯಿತು. ಎಲ್ಲಿ ತಪ್ಪಿದೆವು?
– ಹುಬ್ಬಳ್ಳಿಯ ಓದುಗರು

ಉತ್ತರ: ನೀವು ತಂದದ್ದು ತರಕಾರಿ ರೋಲ್ ಇರಬೇಕು. ಸೂಪರ್ ಮಾರ್ಕೆಟ್‌ನಲ್ಲಿ ಟೊಮೇಟೊ ತುಂಬಿಕೊಳ್ಳಲು ನೇತು ಹಾಕಿರುತ್ತಾರಲ್ಲ, ಅದೇ. ಅದರಲ್ಲಿ ಕವರ್‌ನ ಎರಡೂ ಪದರಕ್ಕೆ ಸಾಲಾಗಿ ಸಣ್ಣ ತೂತು ಹೊಡೆದಿರುತ್ತಾರೆ. ಹರಿದ ಮೇಲೂ ಬಾಯಿ ಅಂಟಿಕೊಂಡೇ ಇರುತ್ತದೆ. ಬೆರಳು ಒದ್ದೆ ಮಾಡಿಕೊಂಡು ಉಜ್ಜಿ ಉಜ್ಜಿ ಬಿಡಿಸಬೇಕು. ಆ ಪರದಾಟ ನಮಗೆಲ್ಲ ಗೊತ್ತಿರುವುದೇ ಅಲ್ವಾ?

ಪ್ಯಾಕಿಂಗ್‌ಗೆ ಬೇಕಾದ ರೋಲ್ ಬೇರೆ. ಅಂಗಡಿಯಲ್ಲಿ ‘ಪ್ರೀ-ಓಪನ್ಡ್’ ರೋಲ್ ಅಂತಲೇ ಕೇಳಿ. ಅದರಲ್ಲಿ ಕವರ್‌ನ ಮುಂದಿನ ಪದರ ಬಾಯಿಯ ಹತ್ತಿರ ಮೊದಲೇ ಬಿಡಿಸಿರುತ್ತದೆ. ಹಿಂದಿನ ಪದರ ಮಾತ್ರ ಅದರ ನಂತರದ ಕವರ್‌ಗೆ ತೂತಿನ ಸಾಲಿನಿಂದ ಅಂಟಿಕೊಂಡಿರುತ್ತದೆ. ಈ ರೋಲ್ ಹಾಕುವ ಪ್ಯಾಕಿಂಗ್ ಮೆಷಿನ್‌ನಿಂದ ಕವರ್ ತಳ ಕೆಳಗೆ ಮಾಡಿ ಇಳಿಯುತ್ತದೆ. ಮೇಲಿನಿಂದ ಗಾಳಿ ಊದಿದ ಕೂಡಲೇ ಬಾಯಿ ತೆರೆದುಕೊಳ್ಳುತ್ತದೆ. ಸಾಮಾನು ಹಾಕಿ, ಸೀಲ್ ಒತ್ತಿದರೆ ಅದು ಕಳಚಿ ಬೀಳುತ್ತದೆ, ಮುಂದಿನದು ಬಂದು ನಿಲ್ಲುತ್ತದೆ. ಕವರ್ ಹಿಡಿದು ನಿಲ್ಲುವ ಕೆಲಸ ಕೈಗೆ ಇಲ್ಲ. ಅಮೆರಿಕದ ಓಹಾಯೋದಲ್ಲಿ 1962ರಲ್ಲಿ ಶುರುವಾದ ಆಟೋಮೇಟೆಡ್ ಪ್ಯಾಕೇಜಿಂಗ್ ಸಿಸ್ಟಮ್ಸ್ ಕಂಪನಿ ‘ಆಟೋಬ್ಯಾಗ್’ ಎಂಬ ಹೆಸರಲ್ಲಿ ಬೆಳೆದದ್ದು ಇದೇ ಉಪಾಯದ ಮೇಲೆ. 2019ರಲ್ಲಿ ಸೀಲ್ಡ್ ಏರ್ ಕಂಪನಿ ಅದನ್ನು ಕೊಂಡುಕೊಂಡಿತು.

ಈಗಲೇ ಮೆಷಿನ್‌ಗೆ ಆರ್ಡರ್ ಕೊಡಬೇಡಿ. ಮೊದಲು ಗಡಿಯಾರ ಹಿಡಿದು ಒಬ್ಬ ಕೆಲಸಗಾರರ ಪಕ್ಕ ಕೂತು 100 ಕವರ್ ನೋಡಿ. ಬಾಯಿ ಬಿಡಿಸಲು ಎಷ್ಟು ಹೊತ್ತು, ಸ್ಕ್ರೂ ಎಣಿಸಲು ಎಷ್ಟು, ಸೀಲ್‌ಗೆ ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಬಾಯಿ ಬಿಡಿಸಲು 4 ಸೆಕೆಂಡ್ ಹಿಡಿಯಿತು ಅಂದುಕೊಳ್ಳೋಣ. 2,000 ಕವರ್‌ಗೆ 8,000 ಸೆಕೆಂಡ್, ಅಂದರೆ ಎರಡು ಗಂಟೆಗೂ ಜಾಸ್ತಿ. ರೋಲ್ ಉಳಿಸುವುದು ಈ ಎರಡು ಗಂಟೆಯನ್ನು ಮಾತ್ರ. ಸ್ಕ್ರೂ ಎಣಿಸಲು 15 ಸೆಕೆಂಡ್ ಹೋಗುತ್ತಿದ್ದರೆ ನಿಮ್ಮ ತೊಂದರೆ ಕವರ್‌ನದ್ದಲ್ಲ, ಎಣಿಕೆಯದ್ದು. ಆಗ ತೂಕದಿಂದಲೇ ಲೆಕ್ಕ ಹೇಳುವ ಎಣಿಕೆ ತಕ್ಕಡಿ ತಗೊಳ್ಳಿ. ಹೆಚ್ಚಿನ ಯೂನಿಟ್‌ಗಳಲ್ಲಿ ನಾನು ಕಂಡದ್ದೂ ಇದೇ. ಎಣಿಕೆ ಸರಿ ಮಾಡದೆ ಮೆಷಿನ್ ತಂದರೆ ಅದು ಸುಮ್ನೆ ಕಾಯುತ್ತಾ ನಿಲ್ಲುತ್ತದೆ.

ಇನ್ನು ದಪ್ಪದ ಮಾತು. ವ್ಯಾಪಾರಿಗಳು ಗೇಜ್‌ನಲ್ಲಿ ಹೇಳುತ್ತಾರೆ, ಬಿಲ್‌ನಲ್ಲಿ ಮೈಕ್ರಾನ್ ಇರುತ್ತದೆ. 100 ಗೇಜ್ ಅಂದರೆ ಸುಮಾರು 25 ಮೈಕ್ರಾನ್. ಸ್ಕ್ರೂ ಮೊನೆ ಚುಚ್ಚುತ್ತದೆ, ಹಾಗಾಗಿ 200 ಗೇಜ್ ನಿಮಗೆ ಸಾಲದು, 300 ಕೇಳಿ. ದರ ಕಿಲೋ ಲೆಕ್ಕದಲ್ಲಿ ಹೇಳಿದರೆ ಒಂದು ಕವರ್‌ನ ತೂಕ ನೀವೇ ತೆಗೆಯಬಹುದು. ಅಗಲ, ಉದ್ದ, ದಪ್ಪ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ. 75 ಮೈಕ್ರಾನ್ ಅಂದರೆ 0.0075 ಸೆಂಟಿಮೀಟರ್. ಪದರ ಎರಡು, ಆದ್ದರಿಂದ 2ರಿಂದ, ಎಲ್‌ಡಿ ಪ್ಲಾಸ್ಟಿಕ್ (ಮೆತ್ತನೆಯ ಪಾಲಿಥಿನ್) ಆದರೆ 0.92ರಿಂದ ಗುಣಿಸಿ. 10 × 15 ಸೆಂಟಿಮೀಟರ್‌ನ 75 ಮೈಕ್ರಾನ್ ಕವರ್ ಸುಮಾರು 2 ಗ್ರಾಂ ಬರುತ್ತದೆ, ಕಿಲೋಗೆ ಹತ್ತಿರ ಹತ್ತಿರ 480. ಬಂದ ರೋಲ್‌ನಿಂದ ಹತ್ತು ಕವರ್ ಹರಿದು ತೂಗಿ ನೋಡಿ. ತೂಕ ಕಡಿಮೆ ಬಂದರೆ ದಪ್ಪ ಕಡಿಮೆ ಕೊಟ್ಟಿದ್ದಾರೆ, ಇಲ್ಲವೇ ಅಗಲ-ಉದ್ದದಲ್ಲಿ ಕಡಿಮೆ ಮಾಡಿದ್ದಾರೆ.

ಕವರ್‌ಗೆ ಒಳಗಿನ ಗಾಳಿ ಹೊರಗೆ ಹೋಗಲು ಒಂದು ಸಣ್ಣ ತೂತು ಹೇಳುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪೂರಿಯ ಹಾಗೆ ಉಬ್ಬಿ, ಪೆಟ್ಟಿಗೆಯಲ್ಲಿ 200 ಹಿಡಿಯುವ ಕಡೆ 150 ಹಿಡಿಯುತ್ತದೆ. ರೋಲ್ ಒಳಗಿನ ರಟ್ಟಿನ ಕೊಳವೆಯ ಅಳತೆ ಮತ್ತು ರೋಲ್ ಯಾವ ಕಡೆಗೆ ಸುತ್ತಿರಬೇಕು ಎಂಬುದನ್ನು ಆರ್ಡರ್‌ನಲ್ಲೇ ಬರೆಯಿರಿ. ನಾನು ಮೊದಲ ಸಲ ತರಿಸಿದಾಗ ಇದನ್ನು ಬರೆದಿರಲಿಲ್ಲ. ಬಿಡಿಸಿದ ಪದರ ಗಾಳಿ ಬರುವ ಕಡೆಗೆ ಬೆನ್ನು ಹಾಕಿತ್ತು. ಇಬ್ಬರು ಕೂತು ಎಲ್ಲ ರೋಲ್‌ಗಳನ್ನೂ ಕೈಯಲ್ಲೇ ತಿರುಗಿಸಿ ಸುತ್ತಿದೆವು, ಎರಡು ದಿನ ಹೋಯಿತು. ತಪ್ಪು ನನ್ನದೇ.

ಪ್ರಶ್ನೆ: ನಮ್ಮ ಮಹಿಳಾ ಸಂಘದಲ್ಲಿ ಚಕ್ಕುಲಿ, ಕೋಡುಬಳೆ ಮಾಡುತ್ತೇವೆ. ಇದೇ ರೋಲ್ ಕವರ್ ನಮಗೂ ಆಗುತ್ತದೆಯೇ?
– ಸಾಗರದ ಓದುಗರು

ಉತ್ತರ: ಬೇಡ ಅಮ್ಮ. ಸಾದಾ ಎಲ್‌ಡಿ ಕವರ್ ತೇವವನ್ನು ಸಾಕಷ್ಟು ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಚಕ್ಕುಲಿ ಗರಿಗರಿಯಾಗಿಯೇ ಇರುತ್ತದೆ, ಆದರೆ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಗಿರಾಕಿ ಎರಡನೇ ಸಲ ಬರುವುದಿಲ್ಲ. ಅಂಗಡಿಗೆ ಕೊಟ್ಟು ತಿಂಗಳುಗಟ್ಟಲೆ ಇಡುವ ಮಾಲಿಗೆ ಒಳಗೆ ಬೆಳ್ಳಿ ಬಣ್ಣ ಇರುವ, ಬೇರೆ ಬೇರೆ ಹಾಳೆ ಒಂದಕ್ಕೊಂದು ಅಂಟಿಸಿದ ಹಲವು ಪದರದ ಪೌಚ್ ಬೇಕು. ವಾರದೊಳಗೆ ಖರ್ಚಾಗುವ ಮಾಲಿಗೆ ಮಾತ್ರ ಪಿಪಿ (ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್) ಕವರ್ ನಡೆಯುತ್ತದೆ. ಯಾವುದೇ ಆಗಲಿ, ಆಹಾರಕ್ಕೆ ಬಳಸಬಹುದು ಎಂದು ಮಾರುವವರಿಂದ ಬರೆಸಿಕೊಳ್ಳಿ. ಆಹಾರಕ್ಕೆ ತಾಗುವ ಪಾಲಿಥಿನ್‌ಗೆ ಐಎಸ್ 10146, ಪಿಪಿಗೆ ಐಎಸ್ 10910 ಎಂಬ ಭಾರತೀಯ ಮಾನಕಗಳಿವೆ. ಬಿಸಿ ಆರುವ ಮೊದಲು ಮಾತ್ರ ಸೀಲ್ ಮಾಡಬೇಡಿ. ಒಳಗೆ ಹಬೆ ನಿಂತರೆ ಯಾವ ಪೌಚ್ ಇದ್ದರೂ ಮೆತ್ತಗಾಗುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಕವರ್ ನಿಷೇಧ ಅನ್ನುತ್ತಾರೆ. ರೋಲ್ ತಂದರೆ ದಂಡ ಬೀಳುತ್ತದೆಯೇ?
– ಮೈಸೂರಿನ ಓದುಗರು

ಉತ್ತರ: ಇಲ್ಲಿ ಎರಡು ಬೇರೆ ವಿಷಯ ಬೆರೆತಿವೆ. ಗಿರಾಕಿ ಸಾಮಾನು ಹೊತ್ತೊಯ್ಯಲು ಕೊಡುವ ಕೈಚೀಲ ಒಂದು. ಮಾರುವ ಮೊದಲೇ ಸಾಮಾನು ತುಂಬಿ ಸೀಲ್ ಮಾಡಿದ ಪ್ಯಾಕೆಟ್ ಇನ್ನೊಂದು. ಕೇಂದ್ರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಎರಡನೆಯದನ್ನು ಕೈಚೀಲ ಎಂದು ಎಣಿಸುವುದಿಲ್ಲ. ಕೈಚೀಲಕ್ಕೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ದಪ್ಪ ಇರಲೇಬೇಕು. ಅದರ ಮೇಲೆ ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ. ಹಾಳೆಗಳನ್ನು ಅಂಟಿಸಿ ಮಾಡಿದ ಹಲವು ಪದರದ್ದಲ್ಲದ ಪ್ಯಾಕಿಂಗ್ ಕವರ್‌ಗೆ ಸಾಮಾನ್ಯವಾಗಿ ಕನಿಷ್ಠ 50 ಮೈಕ್ರಾನ್. ಹಾಗಾಗಿ ನಿಮ್ಮದು ಸೀಲ್ ಮಾಡುವ ಪ್ಯಾಕಿಂಗ್ ಆದರೆ 50ಕ್ಕಿಂತ ತೆಳ್ಳಗಿನದನ್ನು ಮುಟ್ಟಬೇಡಿ, ಅಗ್ಗಕ್ಕೆ ಸಿಕ್ಕರೂ ಬೇಡ. ಬಿಲ್‌ನಲ್ಲಿ ಮೈಕ್ರಾನ್ ಬರೆಸಿ, ಆ ಬಿಲ್ ಅಂಗಡಿಯಲ್ಲೇ ಇಡಿ. ತಪಾಸಣೆಗೆ ಬಂದವರು ಮೊದಲು ಕೇಳುವುದು ಅದನ್ನೇ.