ಓದುಗರ ಪ್ರಶ್ನೆ: ತೆಳುಗೋಡೆಯಲ್ಲಿ ತೂತು ಕೊರೆಯುವಾಗ

ಪ್ರಶ್ನೆ: ದೀಪಾವಳಿಗೆ ಮನೆಯ ಮುಂದೆ ತೂಗುಹಾಕಲು ಗೂಡುದೀಪವೊಂದನ್ನು ಬ್ಲೆಂಡರ್ ಎಂಬ ತ್ರೀಡಿ ವಿನ್ಯಾಸದ ತಂತ್ರಾಂಶದಲ್ಲಿ ರೂಪಿಸಿ, ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯಬೇಕೆಂದಿದ್ದೇನೆ. 150 ಮಿ.ಮೀ. ವ್ಯಾಸದ ಗೋಳ, 2 ಮಿ.ಮೀ. ದಪ್ಪದ ಗೋಡೆ. ಸಿಲಿಂಡರ್‌ಗಳನ್ನು ಚುಚ್ಚಿ ಬೂಲಿಯನ್ (ಒಂದು ಆಕೃತಿಯಿಂದ ಇನ್ನೊಂದನ್ನು ಕಳೆಯುವ ಸಾಧನ) ಕೊಟ್ಟಾಗ ತೂತುಗಳೇನೋ ಬಂದವು. ಆದರೆ ಚೂಪಾದ ಅಂಚುಗಳನ್ನು ನಯಗೊಳಿಸಲು, ಬ್ರಶ್‌ನಿಂದ ತೀಡುವ ಸ್ಕಲ್ಪ್ಟ್ ಮೋಡ್‌ಗೆ ಹೋಗಿ, ವಾಕ್ಸೆಲ್ ಗಾತ್ರವನ್ನು ಗೋಡೆಯಷ್ಟೇ, ಅಂದರೆ 2 ಮಿ.ಮೀ. ಇಟ್ಟು ರಿಮೆಶ್ ಮಾಡಿದೊಡನೆ ಗೋಡೆ ಅಲ್ಲಲ್ಲಿ ಹರಿಯಿತು. ಉಳಿದ ಅಂಚುಗಳು ಹಪ್ಪಳದಂತೆ ತೆಳುವಾದವು. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಉಡುಪಿ

ಉತ್ತರ: ತಪ್ಪಿದ್ದು ಬೂಲಿಯನ್‌ನಲ್ಲಿ ಅಲ್ಲ, ಅದರ ನಂತರದ ಹೆಜ್ಜೆಯಲ್ಲಿ. ಅದನ್ನು ಸರಿಪಡಿಸುವ ಮೊದಲು ತೂತು ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ಈ ವಿಷಯದಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಕುಂಬಾರನ ಮಡಕೆಯಲ್ಲಿ ಗೋಡೆಯೆಂದರೆ ಮಣ್ಣು. ಕೊರೆದರೆ ತೂತಿನ ಒಳಮೈಯೂ ಮಣ್ಣೇ ಆಗಿರುತ್ತದೆ. ಕಂಪ್ಯೂಟರಿನ ಮೆಶ್‌ನಲ್ಲಿ, ಅಂದರೆ ಪುಟ್ಟ ಪುಟ್ಟ ಮುಖಗಳನ್ನು ಜೋಡಿಸಿದ ಬಲೆಯಲ್ಲಿ, ಮಣ್ಣಿಲ್ಲ, ಬರೀ ಚರ್ಮವಿದೆ. ನಿಮ್ಮ 2 ಮಿ.ಮೀ. ಗೋಡೆ ವಾಸ್ತವವಾಗಿ ಹೊರಗಿನದೊಂದು, ಒಳಗಿನದೊಂದು ಹೀಗೆ ಎರಡು ಚರ್ಮಗಳು. ನಡುವೆ ಏನೂ ಇಲ್ಲ. ಆದ್ದರಿಂದ ತೂತು ಕೊರೆಯುವುದೆಂದರೆ ಎರಡು ಚರ್ಮಗಳಿಂದಲೂ ಒಂದೊಂದು ತುಂಡನ್ನು ತೆಗೆಯುವುದಷ್ಟೇ ಅಲ್ಲ, ಹಾಗೆ ತೆರೆದುಕೊಂಡ ಎರಡು ಅಂಚುಗಳನ್ನು ಮೂರನೆಯದೊಂದು ಗೋಡೆಯಿಂದ, ಬಳೆಯಾಕಾರದ ಪಟ್ಟಿಯಿಂದ, ಸೇರಿಸುವುದೂ ಹೌದು. ಆ ಪಟ್ಟಿ ಸರಿಯಾಗಿ ಕೂತರೆ ತೂತು ಸರಿ. ಕೂರದಿದ್ದರೆ ಅದು ಬರೀ ಹರಿದ ಜಾಗ.

ಇದನ್ನು ಪರೀಕ್ಷಿಸುವುದು ಸುಲಭ. ವ್ಯೂಪೋರ್ಟ್ ಓವರ್‌ಲೇಯಲ್ಲಿ ಫೇಸ್ ಓರಿಯೆಂಟೇಶನ್ ಆನ್ ಮಾಡಿದರೆ ಮುಖದ ಮುಂಭಾಗ ನೀಲಿಯಾಗಿಯೂ (ಕೆಲವು ಆವೃತ್ತಿಗಳಲ್ಲಿ ನೀಲಿಯ ಬದಲು ಬಣ್ಣವೇ ಇಲ್ಲದೆ) ಹಿಂಭಾಗ ಕೆಂಪಾಗಿಯೂ ಕಾಣುತ್ತದೆ. ಒಂದು ತೂತಿನ ಹತ್ತಿರ ಹೋಗಿ ಓರೆಯಾಗಿ ಒಳಗೆ ನೋಡಿ. ಹೊರಮೈ ನೀಲಿ, ತೂತಿನ ಬಳೆ ನೀಲಿ, ಅದರಾಚೆ ಕಾಣುವ ದೀಪದ ಒಳಮೈಯೂ ನೀಲಿಯಾಗಿದ್ದರೆ ನಿಮ್ಮ ಗೋಡೆ ನಿಜವಾದ ಗೋಡೆ. ಒಳಗೆಲ್ಲ ಕೆಂಪು ಕಂಡು, ಬಳೆಯೇ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಒಂಟಿ ಚರ್ಮ. ಅದಕ್ಕೆ ಮೊದಲು ಸಾಲಿಡಿಫೈ ಮಾಡಿಫೈಯರ್‌ನಿಂದ ದಪ್ಪ ಕೊಡಬೇಕು. ದಪ್ಪ ಕೊಡುವ ಮೊದಲು ಆಬ್ಜೆಕ್ಟ್‌ನ ಸ್ಕೇಲ್ ಅನ್ನು ಅಪ್ಲೈ ಮಾಡುವುದನ್ನು ಮರೆಯಬೇಡಿ, ಇಲ್ಲವಾದರೆ 2 ಎಂದು ಬರೆದದ್ದು 2 ಆಗಿಯೇ ಬರುತ್ತದೆಂಬ ಖಾತರಿಯಿಲ್ಲ.

ಇನ್ನು ಗೋಡೆ ಹರಿದದ್ದರ ಕಾರಣ. ವಾಕ್ಸೆಲ್ ರಿಮೆಶ್ ನಿಮ್ಮ ಮೆಶ್ಅನ್ನು ತಿದ್ದುವುದಿಲ್ಲ. ಅದನ್ನು ಪೂರ್ತಿ ಬಿಸುಟು, ಜಾಗವನ್ನೆಲ್ಲ ಸಮಾನ ಘನಗಳಾಗಿ (ಇವೇ ವಾಕ್ಸೆಲ್‌ಗಳು) ಭಾಗಿಸಿ, ಎಲ್ಲಿ ಒಳಗು, ಎಲ್ಲಿ ಹೊರಗು ಎಂದು ಬಿಂದು ಬಿಂದುವಿನಲ್ಲಿ ಅಳೆದು, ಹೊಸ ಚರ್ಮವನ್ನೇ ನೇಯುತ್ತದೆ. ಅಳೆಯುವ ಬಿಂದುಗಳ ನಡುವಿನ ಅಂತರ 2 ಮಿ.ಮೀ., ಗೋಡೆಯ ದಪ್ಪವೂ 2 ಮಿ.ಮೀ. ಆದಾಗ, ವಕ್ರವಾದ ಗೋಡೆ ಕೆಲವು ಕಡೆ ಒಂದೇ ಒಂದು ಬಿಂದುವಿಗೆ ಸಿಗುತ್ತದೆ, ಕೆಲವು ಕಡೆ ಎರಡರ ನಡುವೆ ನುಸುಳಿ ಯಾವುದಕ್ಕೂ ಸಿಗದೇ ಹೋಗುತ್ತದೆ. ಸಿಗದಲ್ಲಿ ಹರಿಯಿತು, ಅರೆಬರೆ ಸಿಕ್ಕಲ್ಲಿ ಹಪ್ಪಳವಾಯಿತು. ಗೋಡೆಯ ದಪ್ಪದೊಳಗೆ ಕನಿಷ್ಠ ನಾಲ್ಕು ವಾಕ್ಸೆಲ್‌ಗಳಾದರೂ ಕೂರಬೇಕೆಂಬುದು ನಾನು ಪಾಲಿಸುವ ಲೆಕ್ಕ. ನಿಮ್ಮ ದೀಪಕ್ಕೆ ಅದು 0.5 ಮಿ.ಮೀ. ಆಗುತ್ತದೆ. ಎರಡು ತೂತುಗಳ ನಡುವೆ ಉಳಿಯುವ ಪಟ್ಟಿ ಗೋಡೆಗಿಂತ ಕಿರಿದಾಗಿದ್ದರೆ ಲೆಕ್ಕವನ್ನು ಆ ಪಟ್ಟಿಯ ಅಗಲದಿಂದಲೇ ಹಾಕಬೇಕು. ಇದಕ್ಕೆ ಬೆಲೆಯೂ ಇದೆ: ತೂತುಗಳನ್ನು ಬಿಟ್ಟು ಲೆಕ್ಕ ಹಾಕಿದರೆ ನಿಮ್ಮ ಗೋಳದ ಎರಡೂ ಮೈಗಳ ವಿಸ್ತೀರ್ಣ ಸುಮಾರು 1,37,600 ಚದರ ಮಿ.ಮೀ.; 0.5 ಮಿ.ಮೀ. ವಾಕ್ಸೆಲ್‌ಗೆ ಐದೂವರೆ ಲಕ್ಷದಷ್ಟು ಮುಖಗಳಾಗುತ್ತವೆ, ಅದನ್ನು 0.25ಕ್ಕೆ ಇಳಿಸಿದರೆ ಇಪ್ಪತ್ತೆರಡು ಲಕ್ಷ. ಗಾತ್ರ ಅರ್ಧವಾದರೆ ಮುಖಗಳು ನಾಲ್ಕು ಪಟ್ಟಾಗುತ್ತವೆ ಎಂಬುದನ್ನು ಹಳೆಯ ಲ್ಯಾಪ್‌ಟಾಪ್ ಇರುವವರು ಗಮನದಲ್ಲಿಡಬೇಕು.

ಆದರೆ ನಿಮ್ಮ ಕೆಲಸಕ್ಕೆ ರಿಮೆಶ್ ಬೇಕೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅಂಚನ್ನು ಆಮೇಲೆ ನಯಗೊಳಿಸುವ ಬದಲು, ಕೊರೆಯುವ ಉಳಿಯಲ್ಲೇ ಆ ನಯವನ್ನು ಇಡಿ. ನೇರ ಸಿಲಿಂಡರಿನ ಬದಲು ಡಮರುವಿನಂತೆ ನಡು ಸಣ್ಣಗಿದ್ದು ಎರಡೂ ತುದಿ ಅಗಲವಾದ ಆಕೃತಿಯನ್ನು ಮಾಡಿಕೊಂಡು, ಅದರ ನಡು ಗೋಡೆಯ ಮಧ್ಯಕ್ಕೆ ಸರಿಯಾಗಿ ಬರುವಂತೆ, ಅಕ್ಷ ಗೋಳದ ಕೇಂದ್ರದತ್ತ ಇರುವಂತೆ ನಿಲ್ಲಿಸಿ. ಬೂಲಿಯನ್ ಕೊಟ್ಟಾಗ ತೂತಿನ ಅಂಚು ಒಳಗೂ ಹೊರಗೂ ತಾನಾಗಿ ಇಳಿಜಾರಾಗಿ ಬರುತ್ತದೆ. ನಾನು ಹಲವು ವರ್ಷ ನೇರ ಸಿಲಿಂಡರಿನಲ್ಲೇ ಕೊರೆದು, ಒಂದೊಂದೇ ಅಂಚನ್ನು ಸ್ಮೂತ್ ಬ್ರಶ್‌ನಿಂದ ತೀಡುತ್ತಿದ್ದೆ. ಡಮರು ಸಿಕ್ಕ ಮೇಲೆ ಆ ಕೆಲಸ ಕೈಬಿಟ್ಟೆ. ಉಳಿಯ ಎರಡೂ ತುದಿಗಳು ಗೋಡೆಯಿಂದ ಎರಡು ಮೂರು ಮಿ.ಮೀ. ಆಚೆ ಚಾಚಿರಲಿ, ತುದಿಯ ಮುಖ ಗೋಡೆಯ ಮೈಗೆ ಸರಿಸಮವಾಗಿ ಅಂಟಿಕೊಂಡರೆ ಯಾವುದನ್ನು ಕಳೆಯಬೇಕೆಂಬ ಗೊಂದಲ ಉಂಟಾಗಿ ಮೆಶ್ ಕೆಡುತ್ತದೆ. ಉಳಿಗಳನ್ನೆಲ್ಲ ಒಂದು ಕಲೆಕ್ಷನ್‌ಗೆ ಹಾಕಿ, ಒಂದೇ ಬೂಲಿಯನ್ ಮಾಡಿಫೈಯರ್‌ಗೆ ಆ ಕಲೆಕ್ಷನ್ಅನ್ನೇ ಕೊಡಬಹುದು. ಸಾಲ್ವರ್ (ಲೆಕ್ಕ ಹಾಕುವ ವಿಧಾನ) ಎಕ್ಸಾಕ್ಟ್ ಇರಲಿ, 2020ರ 2.91 ಆವೃತ್ತಿಯಲ್ಲಿ ಇದು ಬಂದಂದಿನಿಂದ ಬ್ಲೆಂಡರ್‌ನ ಬೂಲಿಯನ್ ನಂಬಿಕೆಗೆ ಅರ್ಹವಾಗಿದೆ.

ಮೈಮೇಲೆ ಹೂಬಳ್ಳಿಯಂಥ ಕೆತ್ತನೆ ಇದ್ದರೆ ಅದನ್ನು ದಪ್ಪ ಕೊಡುವ ಮೊದಲೇ ಮುಗಿಸಿ. ಬ್ರಶ್‌ನ ವ್ಯಾಪ್ತಿ ಗೋಡೆಯ ದಪ್ಪಕ್ಕಿಂತ ದೊಡ್ಡದಾಗಿರುವುದರಿಂದ ಹೊರಮೈಯನ್ನು ತೀಡಿದಾಗ ಒಳಮೈಯೂ ಜತೆಗೆ ಎಳೆದುಕೊಂಡು ಬರುತ್ತದೆ. ಆಮೇಲೆ ತೀಡಲೇಬೇಕಾದರೆ ಬ್ರಶ್‌ನಲ್ಲಿ ಫ್ರಂಟ್ ಫೇಸಸ್ ಓನ್ಲಿ ಆನ್ ಮಾಡಿಕೊಳ್ಳಿ.

ಮುದ್ರಣದ ಬಗ್ಗೆ ಒಂದೆರಡು ಮಾತು. ಪ್ರಿಂಟರಿನ ನಾಝಲ್ (ಪ್ಲಾಸ್ಟಿಕ್ ಹೊರಬರುವ ಮೂತಿ) 0.4 ಮಿ.ಮೀ. ಆಗಿದ್ದರೆ ತೂತುಗಳ ನಡುವಿನ ಪಟ್ಟಿ ಮೂರು ಗೆರೆಗಳಷ್ಟು, ಅಂದರೆ 1.2 ಮಿ.ಮೀ. ಆದರೂ ಇರಲಿ. ದೊಡ್ಡ ದುಂಡು ತೂತಿನ ಮೇಲಂಚು ಗಾಳಿಯಲ್ಲಿ ಜೋತುಬೀಳುತ್ತದೆ. ಮೇಲ್ತುದಿ 45 ಡಿಗ್ರಿಯಲ್ಲಿ ಕೂಡುವ ವಜ್ರಾಕೃತಿ ಅಥವಾ ಹನಿಯಾಕೃತಿಗೆ ಸಪೋರ್ಟ್ (ಮುದ್ರಿಸುವಾಗ ಕೆಳಗಿನಿಂದ ಕೊಡುವ ತಾತ್ಕಾಲಿಕ ಆಸರೆ) ಬೇಕಾಗುವುದಿಲ್ಲ. ಮುದ್ರಣಕ್ಕೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುವುದರಿಂದ ಒಳಗೆ ಎಣ್ಣೆದೀಪ ಇಡಬೇಡಿ, ಎಲ್‌ಇಡಿ ಬಲ್ಬ್ ಸಾಕು.

ಪ್ರಶ್ನೆ: ಝೀಬ್ರಶ್ ಎಂಬ ತ್ರೀಡಿ ಶಿಲ್ಪದ ತಂತ್ರಾಂಶದಲ್ಲಿ ತೆಳುವಾದ ಮುಖವಾಡವೊಂದನ್ನು ಮಾಡಿದ್ದೇನೆ. ಕಣ್ಣಿನ ತೂತುಗಳಿಗಾಗಿ ಡೈನಾಮೆಶ್‌ನಲ್ಲಿ ಕಳೆದಾಗ ಕಣ್ಣು ತೆರೆಯುತ್ತದೆ, ಆದರೆ ಕಿವಿ ಮತ್ತು ಮೂಗಿನ ಹೊಳ್ಳೆಯ ತೆಳು ಅಂಚು ಒಡೆಯುತ್ತದೆ. ರೆಸಲ್ಯೂಶನ್ ಏರಿಸಿದರೆ ಕಂಪ್ಯೂಟರ್ ನಿಂತೇ ಹೋಗುತ್ತದೆ.
— ಓದುಗರೊಬ್ಬರು, ಶಿರಸಿ

ಉತ್ತರ: ಡೈನಾಮೆಶ್ ಕೂಡ ಮೇಲೆ ಹೇಳಿದಂತೆ ಇಡೀ ಮಾದರಿಯನ್ನು ಹೊಸದಾಗಿ ನೇಯುವ ವಿಧಾನವೇ. ಎರಡು ಕಣ್ಣುಗಳಿಗಾಗಿ ಕಿವಿಯನ್ನೂ ಮರುನೇಯ್ಗೆಗೆ ಒಡ್ಡುವುದೇಕೆ? 2017ರ 4ಆರ್8 ಆವೃತ್ತಿಯಿಂದ ಇರುವ ಲೈವ್ ಬೂಲಿಯನ್ ಬಳಸಿ. ಉಳಿಯಾಗಿ ಬಳಸುವ ಸಬ್‌ಟೂಲ್ಅನ್ನು (ಮಾದರಿಯ ಬಿಡಿಭಾಗವನ್ನು) ಪಟ್ಟಿಯಲ್ಲಿ ಮುಖವಾಡದ ಕೆಳಗಿಟ್ಟು, ಅದರ ಮೇಲಿನ ಕಳೆಯುವ ಚಿಹ್ನೆಯನ್ನು ಒತ್ತಿ, ಲೈವ್ ಬೂಲಿಯನ್ ಆನ್ ಮಾಡಿದರೆ ಕಣ್ಣು ತೆರೆದಂತೆ ಕಾಣುತ್ತದೆ. ಆಗಲೂ ಉಳಿಯನ್ನು ಸರಿಸಬಹುದು, ಹಿಗ್ಗಿಸಬಹುದು, ಕಣ್ಣಿನ ಕೊನೆಯನ್ನು ತುಸು ಮೇಲಕ್ಕೆ ಎಳೆದು ನೋಡಬಹುದು. ಒಪ್ಪಿಗೆಯಾದ ಮೇಲೆ ಮೇಕ್ ಬೂಲಿಯನ್ ಮೆಶ್ ಕೊಡಿ. ಉಳಿ ಮುಟ್ಟಿದ ಗೆರೆಯ ಸುತ್ತ ಮಾತ್ರ ಮೆಶ್ ಬದಲಾಗುತ್ತದೆ. ಕಿವಿ, ಹೊಳ್ಳೆಗಳು ಇದ್ದಂತೆಯೇ ಉಳಿಯುತ್ತವೆ.

ಮುಖವಾಡಕ್ಕೆ ನಿಜವಾದ ದಪ್ಪವಿದೆಯೇ ಎಂಬುದನ್ನು ಅದಕ್ಕೂ ಮೊದಲು ನೋಡಿಕೊಳ್ಳಿ. ಒಂಟಿ ಚರ್ಮವಾಗಿದ್ದರೆ ಎಕ್ಸ್‌ಟ್ರಾಕ್ಟ್ ಅಥವಾ ಪ್ಯಾನೆಲ್ ಲೂಪ್ಸ್‌ನಿಂದ ದಪ್ಪ ಕೊಡಿ. ನಂತರ ಕಣ್ಣಿನ ಅಂಚನ್ನು ತೀಡುವಾಗ ಬ್ರಶ್ ಮೆನುವಿನ ಆಟೋ ಮಾಸ್ಕಿಂಗ್‌ನಲ್ಲಿರುವ ಬ್ಯಾಕ್‌ಫೇಸ್ ಮಾಸ್ಕ್ ಆನ್ ಇರಲಿ, ಇಲ್ಲವಾದರೆ ಹಿಂದಿನ ಮೈ ಮುಂದಕ್ಕೆ ತೂರಿಕೊಂಡು ಬರುತ್ತದೆ.