ಹಾಡಿಗೆ ಸಿಕ್ಕ ಜಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿನಿಮಾದಲ್ಲಿ ಬಂದ ಯಾವ ಹಾಡು ನಿಮ್ಮ ಮನಸ್ಸಿನಲ್ಲಿ ಇನ್ನೂ ಉಳಿದಿದೆ, ಅದು ಬಂದ ಸನ್ನಿವೇಶವೂ ನೆನಪಿದೆಯಾ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರ, ಮೇಲ್, ವಾಟ್ಸಾಪ್ ಎಲ್ಲ ಸೇರಿ ಓದಿ ಮುಗಿಸಲು ಮೂರು ದಿನ ಬೇಕಾಯಿತು. ತುಂಬಾ ಖುಷಿಯಾಯಿತು. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ, ಕೆಲವನ್ನು ಆರಿಸಿಕೊಂಡಿದ್ದೇನೆ.

*ಸರ್, ‘ಮೂಡಲ ಮನೆಯ’ ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪದ್ಯ. ನನ್ನ ಮಗಳು ಅದು ಹಳೇ ಸಿನಿಮಾ ಹಾಡು ಅನ್ನುತ್ತಾಳೆ. ಯಾರದ್ದು ಸರಿ?*
— ಓದುಗರೊಬ್ಬರು, ಶಿವಮೊಗ್ಗ

ಇಬ್ಬರದ್ದೂ ಸರಿ. ಅದು ಬೇಂದ್ರೆಯವರ ‘ಬೆಳಗು’ ಕವಿತೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಈ ಕವಿತೆಯನ್ನು ತಂದು ಅದರೊಳಗೆ ಇಟ್ಟರು. ರಾಗ ಹಾಕಿದ್ದು ವಿಜಯಭಾಸ್ಕರ್, ಹಾಡಿದ್ದು ಎಸ್. ಜಾನಕಿ. ಧಾರವಾಡದ ಕವಿಯ ಬೆಳಗು ಚಿಕ್ಕಮಗಳೂರಿನ ಬೆಟ್ಟಗಳ ಮೇಲೆ ಹರಿಯಿತು. ಒಂದು ವಿಷಯ ಗಮನಿಸಿ, ಅದು ಕಪ್ಪು ಬಿಳುಪು ಚಿತ್ರ. ಕವಿತೆಯ ತುಂಬಾ ಬೆಳಕು, ಎರಕ, ಹೊಳಪು. ಪರದೆಯ ಮೇಲೆ ಬಣ್ಣವೇ ಇಲ್ಲ. ಆದರೂ ಆ ಹಾಡು ಕೇಳುವಾಗ ನನಗೆ ಬಂಗಾರದ ಬಣ್ಣವೇ ಕಾಣುತ್ತದೆ. ಅದು ಜಾನಕಿಯವರ ದನಿಯಿಂದಲೋ ಬೇಂದ್ರೆಯವರ ಮಾತಿನಿಂದಲೋ ಬಿಡಿಸಿ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಕಲ್ಪನಾ ಮಾಡಿದ ಇಂದಿರಾ ಪಾತ್ರಕ್ಕೆ ಮುಂದೆ ಏನಾಗುತ್ತದೆ ಗೊತ್ತಲ್ವಾ? ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಕೈತಪ್ಪುತ್ತದೆ, ಮದುವೆಯಾಗಬೇಕಿದ್ದ ಹುಡುಗ ಹಿಂದೆ ಸರಿಯುತ್ತಾನೆ. ಕತೆ ಗೊತ್ತಿದ್ದು ಎರಡನೇ ಸಲ ನೋಡಿದರೆ ಆ ಬೆಳಗು ಸ್ವಲ್ಪ ಸಂಕಟ ಕೊಡುತ್ತದೆ. ಪಠ್ಯಪುಸ್ತಕದಲ್ಲಿ ಓದುವಾಗ ಆ ಸಂಕಟ ಇರಲಿಲ್ಲ, ಅದು ಸಿನಿಮಾ ಸೇರಿಸಿದ್ದು. ಮಗಳ ಜೊತೆ ಕೂತು ಒಮ್ಮೆ ನೋಡಿ. ಆಮೇಲೆ ‘ಶರಪಂಜರ’ದ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ಕೂಡ ಕೇಳಿಸಿ. ಅದೂ ಬೇಂದ್ರೆ, ಅದೂ ಪುಟ್ಟಣ್ಣ.

*‘ಯಾರೇ ಕೂಗಾಡಲಿ’ ಹಾಡಿನಿಂದಲೇ ರಾಜಕುಮಾರ್ ಹಾಡಲು ಶುರು ಮಾಡಿದ್ದು ನಿಜವಾ?*
— ಓದುಗರು, ಮಂಡ್ಯ

ಪೂರ್ತಿ ನಿಜವಲ್ಲ. ಅದಕ್ಕೂ ಮುಂಚೆ ‘ಮಹಿಷಾಸುರ ಮರ್ದಿನಿ’ಯಲ್ಲಿ ಜಾನಕಿಯವರ ಜೊತೆ ಹಾಡಿದ್ದರು. ಆದರೆ 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆ ತಮ್ಮ ಹಾಡನ್ನು ತಾವೇ ಹಾಡುವುದು ರೂಢಿಯಾಯಿತು. ಅಲ್ಲಿಯವರೆಗೆ ಅವರ ದನಿ ಅಂದರೆ ಪಿ.ಬಿ. ಶ್ರೀನಿವಾಸ್. ನಾಯಕ ಎಮ್ಮೆಯ ಮೇಲೆ ಕೂತು ಹಾಡುವ ಹಾಡಿಗೆ ಆ ಹಳ್ಳಿ ಗಂಟಲೇ ಬೇಕಿತ್ತು ಅಂತ ಈಗ ಅನಿಸುತ್ತದೆ.

*ಸರ್, ನಾನು ಕೊಳ್ಳೇಗಾಲದವನು. ‘ಸೋಜುಗಾದ ಸೂಜು ಮಲ್ಲಿಗೆ’ ನಮಗೆ ಮಾದಪ್ಪನ ಹಾಡು. ಬೆಟ್ಟಕ್ಕೆ ಹೋಗುವಾಗ ಹಾಡಿಕೊಂಡು ಬಂದಿದ್ದೇವೆ. ಅದನ್ನು ರೌಡಿಗಳ ಸಿನಿಮಾಕ್ಕೆ ಹಾಕಿದ್ದು ನನಗೆ ನೋವಾಯಿತು. ನೀವೇನು ಹೇಳುತ್ತೀರಿ?*

ನಿಮ್ಮ ನೋವು ಅರ್ಥವಾಗುತ್ತದೆ. ತಲೆತಲಾಂತರದಿಂದ ಭಕ್ತಿಯಿಂದ ಹಾಡಿಕೊಂಡು ಬಂದದ್ದು ಏಕಾಏಕಿ ಬೇರೆ ಕಡೆ ಕೇಳಿಸಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಆದರೂ ಈ ಸಿನಿಮಾದ ಪರವಾಗಿ ನಾಲ್ಕು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ.

‘ಗರುಡ ಗಮನ ವೃಷಭ ವಾಹನ’ 2021ರಲ್ಲಿ ಬಂದಿದ್ದು. ನಿರ್ದೇಶನ ರಾಜ್ ಬಿ. ಶೆಟ್ಟಿ. ಮಂಗಳೂರಿನ ಮಂಗಳಾದೇವಿ ಸುತ್ತಮುತ್ತ ನಡೆಯುವ ಕತೆ. ಹರಿ, ಶಿವ ಅಂತ ಇಬ್ಬರು ಗೆಳೆಯರು. ಚಿತ್ರದ ಹೆಸರಿನಲ್ಲೇ ಇಬ್ಬರೂ ಇದ್ದಾರೆ, ಗರುಡನ ಮೇಲೆ ಬರುವವನು ಹರಿ, ಎತ್ತಿನ ಮೇಲೆ ಬರುವವನು ಶಿವ. ಈ ಶಿವನಿಗೆ ತಂದೆತಾಯಿ ಇಲ್ಲ, ಅವನ ಕೋಪಕ್ಕೆ ಕಡಿವಾಣ ಇಲ್ಲ. ಅಂಥವನ ಕತೆಗೆ ನಿರ್ದೇಶಕರು ಡ್ರಮ್ಮು, ಗಿಟಾರು ಹಾಕಿ ಅಬ್ಬರ ಎಬ್ಬಿಸಬಹುದಿತ್ತು, ಬೇರೆ ಸಿನಿಮಾಗಳಲ್ಲಿ ಹಾಗೇ ಆಗುತ್ತದೆ. ಇಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮಾದೇವನನ್ನು ಮೆಲ್ಲಗೆ ಕರೆಯುವ ಹಾಡು ಬರುತ್ತದೆ. ಯಾರೂ ಮುದ್ದು ಮಾಡದೆ ಬೆಳೆದ ಒಬ್ಬನ ತಲೆಯ ಮೇಲೆ ಯಾರೋ ಹೂವು ಇಟ್ಟ ಹಾಗೆ. ನಾನು ಥಿಯೇಟರಿನಲ್ಲಿ ನೋಡಿದಾಗ ಪಕ್ಕದ ಸೀಟಿನಲ್ಲಿ ಸಿಳ್ಳೆ ಹೊಡೆಯುತ್ತಿದ್ದ ಹುಡುಗರು ಸುಮ್ಮನಾಗಿಬಿಟ್ಟರು.

ಆ ಹಾಡು ಸಿನಿಮಾದ ಹಿಂಸೆಯನ್ನು ಹೊಗಳಿದೆ ಅಂತ ನನಗೆ ಅನಿಸಲಿಲ್ಲ, ಅವನ ಬಗ್ಗೆ ಮರುಕ ಹುಟ್ಟಿಸಿತು. ನಿಮಗೆ ಹಾಗೆ ಅನಿಸದಿದ್ದರೆ ಅದೂ ನ್ಯಾಯವೇ. ಒಂದು ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಪೂರ್ತಿ ಒಪ್ಪುತ್ತೇನೆ. ಈ ಹಾಡನ್ನು ಬೆಟ್ಟದ ದಾರಿಯಲ್ಲಿ, ಕಂಸಾಳೆ ಸದ್ದಿನ ನಡುವೆ ಕೇಳಿದವರಿಗೆ ಸಿಗುವುದು ಬೇರೆ ಎಲ್ಲೂ ಸಿಗುವುದಿಲ್ಲ. ನೀವು ಹಾಡುವುದನ್ನು ನಿಲ್ಲಿಸಬೇಡಿ.

*‘ಜೊತೆಯಲಿ ಜೊತೆ ಜೊತೆಯಲಿ’ ಹಿಂದಿ ಹಾಡಿನ ಕಾಪಿ ಅಂತ ಆಫೀಸಿನಲ್ಲಿ ಒಬ್ಬರು ವಾದ ಮಾಡುತ್ತಿದ್ದಾರೆ.*
— ಓದುಗರು, ಬೆಂಗಳೂರು

ಅವರಿಗೆ ಎರಡು ಇಸವಿ ಹೇಳಿ ಸಾಕು. ಶಂಕರ್ ನಾಗ್ ಅವರ ‘ಗೀತಾ’ 1981. ಅಮಿತಾಭ್, ತಬು ಇದ್ದ ‘ಚೀನಿ ಕಮ್’ 2007. ಎರಡಕ್ಕೂ ಸಂಗೀತ ಇಳಯರಾಜಾ ಅವರದ್ದೇ. ತಮ್ಮ ರಾಗವನ್ನು ತಾವೇ 26 ವರ್ಷ ಆದ ಮೇಲೆ ಹಿಂದಿಗೆ ಕೊಟ್ಟರು. ನಡುವೆ ತಮಿಳಿಗೂ ಹೋಗಿ ಬಂದಿದೆ. ನನಗೆ ಎಸ್‌ಪಿಬಿ, ಜಾನಕಿ ಹಾಡಿದ ಕನ್ನಡದ್ದೇ ಜಾಸ್ತಿ ಇಷ್ಟ.

*ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಊರು ದಾವಣಗೆರೆ. ‘ಯಾವ ಮೋಹನ ಮುರಳಿ’ ಹಾಕಿದರೆ ಅಮ್ಮ ಫೋನಿನಲ್ಲಿ ಮಾತು ನಿಲ್ಲಿಸಿಬಿಡುತ್ತಾರೆ. ಈ ಹಾಡನ್ನು ನಮ್ಮಂಥವರಿಗೇ ಬರೆದಿದ್ದಾ?*

ಗೋಪಾಲಕೃಷ್ಣ ಅಡಿಗರು ಬರೆಯುವಾಗ ಅಮೆರಿಕದ ವೀಸಾ ಅವರ ಮನಸ್ಸಿನಲ್ಲಿ ಇರಲಿಲ್ಲ. ಕವಿತೆ ಹೇಳುವುದು ಮನುಷ್ಯನೊಳಗಿನ ಒಂದು ಹಸಿವಿನ ಬಗ್ಗೆ, ಕೈಯಲ್ಲಿರುವುದನ್ನು ಬಿಟ್ಟು ಇಲ್ಲದ್ದರ ಕಡೆಗೆ ಎಳೆಯುವ ಹಸಿವು. ನಾಗತಿಹಳ್ಳಿ ಚಂದ್ರಶೇಖರ್ ಅದನ್ನು ‘ಅಮೆರಿಕಾ ಅಮೆರಿಕಾ’ ಚಿತ್ರಕ್ಕೆ ತಂದರು. ಒಬ್ಬ ಊರಲ್ಲೇ ಉಳಿಯುತ್ತಾನೆ, ಒಬ್ಬ ಕಡಲು ದಾಟುತ್ತಾನೆ, ಇಬ್ಬರ ನಡುವೆ ಒಬ್ಬಳು ಹುಡುಗಿ. ಅಲ್ಲಿಗೆ ಬಂದ ಕೂಡಲೇ ಕವಿತೆಯ ‘ದೂರ ತೀರ’ ನಿಜವಾದ ತೀರವೇ ಆಗಿಬಿಟ್ಟಿತು. ರಾಗ ಹಾಕಿದ ಮನೋಮೂರ್ತಿಯವರೂ ಅಮೆರಿಕದಲ್ಲಿ ನೆಲೆಸಿದವರು. ರಾಜು ಅನಂತಸ್ವಾಮಿ, ಸಂಗೀತಾ ಕಟ್ಟಿ ಹಾಡಿದ್ದಾರೆ. ರಾಜು 2009ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆ ದನಿ ಕೇಳಿದಾಗಲೆಲ್ಲ ಅದೂ ನೆನಪಾಗುತ್ತದೆ.

ಅಮ್ಮನ ವಿಷಯಕ್ಕೆ ಬಂದರೆ, ಮುಂದಿನ ಸಲ ಫೋನಿನಲ್ಲಿ ಹಾಡು ಹಾಕಬೇಡಿ. ಊರಿಗೆ ಬಂದಾಗ ಅವರ ಪಕ್ಕದಲ್ಲಿ ಕೂತು ಹಾಕಿ.

*ಎಲ್ಲರಿಗೂ ಉತ್ತರ ಕೊಡುತ್ತೀರಿ. ನಿಮ್ಮ ಮೆಚ್ಚಿನ ಹಾಡು ಯಾವುದು ಸರ್?*
— ಓದುಗರು, ಹಾವೇರಿ

‘ಕುಲದಲ್ಲಿ ಕೀಳ್ಯಾವುದೋ’. 1965ರ ‘ಸತ್ಯ ಹರಿಶ್ಚಂದ್ರ’. ಘಂಟಸಾಲ ಹಾಡಿದ್ದು.

ನಮ್ಮಪ್ಪ ಟೈಲರ್. ಅಂಗಡಿಯಲ್ಲಿ ರೇಡಿಯೋ ಬೆಳಗಿನಿಂದ ರಾತ್ರಿಯವರೆಗೆ ಹಾಡುತ್ತಿತ್ತು, ಅಪ್ಪ ಪೆಡಲ್ ತುಳಿಯುತ್ತಲೇ ಇರುತ್ತಿದ್ದರು. ಈ ಹಾಡು ಬಂದರೆ ಮಾತ್ರ ಮಶಿನ್ ನಿಲ್ಲುತ್ತಿತ್ತು. ಮುಗಿಯುವವರೆಗೆ ಕೈಯಲ್ಲಿ ಬಟ್ಟೆ ಹಿಡಿದು ಹಾಗೇ ಕೂತಿರುತ್ತಿದ್ದರು. ಸಿನಿಮಾ ಅವರು ನೋಡಿರಲಿಲ್ಲ. 2008ರಲ್ಲಿ ಅದು ಬಣ್ಣದಲ್ಲಿ ಮತ್ತೆ ತೆರೆಗೆ ಬಂದಾಗ ಕರೆದುಕೊಂಡು ಹೋದೆ. ಅಷ್ಟು ವರ್ಷವೂ ಅಪ್ಪ ಅಂದುಕೊಂಡಿದ್ದು, ಆ ಹಾಡನ್ನು ಹರಿಶ್ಚಂದ್ರನ ಪಾತ್ರದ ರಾಜಕುಮಾರ್ ಹಾಡುತ್ತಾರೆ ಅಂತ. ಪರದೆಯ ಮೇಲೆ ನೋಡಿದರೆ ಹಾಡುತ್ತಿರುವವನು ಸುಡುಗಾಡು ಕಾಯುವ ವೀರಬಾಹು, ಎಂ.ಪಿ. ಶಂಕರ್. ಅರಸನನ್ನೇ ಆಳಾಗಿ ಕೊಂಡವನು, ಎಲ್ಲ ಕುಲದವರ ಹೆಣವೂ ತನ್ನ ಮುಂದೆಯೇ ಉರಿಯುವುದನ್ನು ನೋಡಿದವನು.

ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು. ‘ಇವನೇ ಹಾಡಬೇಕು ಕಣೋ, ಇವನಿಗೇ ಗೊತ್ತಿರೋದು’ ಅಂದರು. ಇಂಟರ್‌ವಲ್‌ನಲ್ಲಿ ಟೀ ತರಲೂ ನನ್ನನ್ನು ಬಿಡಲಿಲ್ಲ, ಆ ವೀರಬಾಹುವಿನ ಬಗ್ಗೆಯೇ ಮಾತಾಡಿದರು.