ಓದುಗರ ಪ್ರಶ್ನೋತ್ತರ: ನೃತ್ಯೋತ್ಸವಕ್ಕೆ ಮೊದಲು ನೆಲ, ಆಮೇಲೆ ಬ್ಯಾನರ್

ಪ್ರಶ್ನೆ: ನಮ್ಮ ಸಂಘದಿಂದ ಎರಡು ಸಂಜೆಯ ಸಮಕಾಲೀನ ನೃತ್ಯೋತ್ಸವ ಮಾಡಬೇಕೆಂದಿದ್ದೇವೆ. ಆರು ಜನ ನೃತ್ಯ ಸಂಯೋಜಕರು, ಒಂದೊಂದು ಕೃತಿ ಸುಮಾರು 20 ನಿಮಿಷ. ಸಭಾಂಗಣದ ವೇದಿಕೆಗೆ ಗ್ರಾನೈಟ್ ಹಾಸಿದ್ದಾರೆ. ಮೇಲೆ ಕಾರ್ಪೆಟ್ ಹಾಕಿಸಿದರೆ ಸಾಕೇ?
— ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ

ಉತ್ತರ: ಸಾಲದು. ಬರಿ ಗ್ರಾನೈಟ್‌ಗಿಂತ ಕಾರ್ಪೆಟ್ಟೇ ಹೆಚ್ಚು ಅಪಾಯ. ಬರಿಗಾಲನ್ನು ಅದು ಹಿಡಿದುಕೊಳ್ಳುತ್ತದೆ, ಮೈ ಮಾತ್ರ ತಿರುಗುತ್ತದೆ, ತಿರುಚಿದ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಉರುಳಿದರೆ ಭುಜ, ಬೆನ್ನುಮೂಳೆ, ಪಾದದ ಮೇಲ್ಭಾಗದ ಚರ್ಮ ತರಚಿ ಉರಿಯುತ್ತದೆ. ನಯವಾದ ಕಲ್ಲಿನ ಮೇಲೆ ಕಾರ್ಪೆಟ್ ತಾನೇ ಜಾರುವುದೂ ಉಂಟು. ಇನ್ನು ಕಲ್ಲು ಒಂದಿಷ್ಟೂ ಬಾಗುವುದಿಲ್ಲ, ನೆಗೆದು ಇಳಿದ ಪೆಟ್ಟನ್ನು ಹಾಗೆಯೇ ಕಣಕಾಲಿಗೆ, ಸೊಂಟಕ್ಕೆ ವಾಪಸ್ ಕಳಿಸುತ್ತದೆ. ನಮ್ಮ ಡೊಳ್ಳು, ವೀರಗಾಸೆ ಕುಣಿದು ಬೆಳೆದದ್ದು ಮಣ್ಣಿನ ನೆಲದ ಮೇಲೆ. ಮಣ್ಣು ಪೆಟ್ಟು ನುಂಗುತ್ತದೆ, ಕಲ್ಲು ನುಂಗುವುದಿಲ್ಲ. ಸಮಕಾಲೀನ ನೃತ್ಯದಲ್ಲಂತೂ ಅರ್ಧ ಕೆಲಸ ನೆಲದ ಮೇಲೇ ನಡೆಯುತ್ತದೆ: ಮಂಡಿಯೂರಿ ಬೀಳುವುದು, ಬೆನ್ನ ಮೇಲೆ ಜಾರುವುದು, ಭುಜದ ಮೇಲಿಂದ ಉರುಳಿ ಏಳುವುದು.

ತಾತ್ಕಾಲಿಕ ನೆಲವನ್ನು ನಿಮ್ಮೂರಿನ ಬಡಗಿಯೇ ಮಾಡಬಲ್ಲರು. 32 ಅಡಿ ಅಗಲ, 24 ಅಡಿ ಆಳದ ಜಾಗ ಎಂದುಕೊಳ್ಳಿ. ಕಲ್ಲಿನ ಮೇಲೆ ಮೊದಲು ಜಿಮ್‌ಗೆ ಹಾಸುವಂಥ ಗಟ್ಟಿ ಫೋಮ್ ಮ್ಯಾಟ್. ಅದರ ಮೇಲೆ 12 ಎಂ.ಎಂ. ಪ್ಲೈವುಡ್ ಎರಡು ಪದರ. 8×4 ಅಡಿಯ ಹಲಗೆ ಒಂದು ಪದರಕ್ಕೆ 24 ಬೇಕು. ಎರಡು ಪದರಕ್ಕೆ 48, ಕೊಯ್ಯುವಾಗ ಕೆಟ್ಟರೆ ಇರಲೆಂದು ಎರಡು ಸೇರಿಸಿ 50 ತರಿಸಿ. ಮೇಲಿನ ಪದರವನ್ನು ಅಡ್ಡಕ್ಕೆ ತಿರುಗಿಸಿ ಎರಡೂ ಕಡೆಗೆ ಎರಡೆರಡು ಅಡಿ ಸರಿಸಿ ಕೂಡಿಸಬೇಕು. ಸಂದಿಯ ಮೇಲೆ ಸಂದಿ ಬಂದರೆ ಅಲ್ಲೇ ನೆಲ ಕುಸಿದು ಕಾಲು ಉಳುಕುತ್ತದೆ. ಸ್ಕ್ರೂ ಮುಕ್ಕಾಲು ಇಂಚಿನದೇ ಇರಲಿ. ಎರಡು ಪದರ ಸೇರಿ 24 ಎಂ.ಎಂ. ದಪ್ಪ, ಒಂದು ಇಂಚಿನ ಸ್ಕ್ರೂ ಹಾಕಿದರೆ ಕೆಳಗೆ ಹೊರಬಂದು ಫೋಮ್ ಹರಿಯುತ್ತದೆ. ತಲೆ ಹಲಗೆಯೊಳಗೆ ಮುಳುಗಿರಬೇಕು. ಮೊಳೆ ಬೇಡವೇ ಬೇಡ, ಕುಣಿತಕ್ಕೆ ಸಡಿಲಾಗಿ ಮೇಲೆದ್ದು ಬರುತ್ತದೆ. ಬಾಡಿಗೆ ಹಲಗೆ ತಂದರೆ ಹಳೆಯ ಮೊಳೆ ಉಳಿದಿದೆಯೇ ಎಂದು ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದನ್ನೂ ಸವರಿ ನೋಡಿ.

ಮೇಲೆ ನೃತ್ಯಕ್ಕೆಂದೇ ಮಾಡಿದ ಮಾಸಲು ಹೊಳಪಿನ ವಿನೈಲ್ ಹಾಸು. ಒಂದೂವರೆ ಮೀಟರ್ ಅಗಲದ, 10 ಮೀಟರ್ ಉದ್ದದ ಐದು ಸುರುಳಿ ಸಾಕು. ಹಿಂಬದಿಗೆ ಗೇಣಷ್ಟು ಹೆಚ್ಚಾಗುತ್ತದೆ, ಅದು ಕಪ್ಪು ಪರದೆಯ ಕೆಳಗೆ ಹೋಗಲಿ. ಪ್ರೇಕ್ಷಕರಿಗೆ ಅಡ್ಡಲಾಗಿ ಹಾಸಿ, ಕೆಲವು ಗಂಟೆ ಹಾಗೆಯೇ ಬಿಟ್ಟು, ಸುಕ್ಕು ಇಳಿದ ಮೇಲೆ ಎರಡು ಇಂಚಿನ ವಿನೈಲ್ ಟೇಪ್ ಅಂಟಿಸಬೇಕು. ಬಿಚ್ಚಿದ ಕೂಡಲೇ ಅಂಟಿಸಿದರೆ ರಾತ್ರಿ ಹೊತ್ತಿಗೆ ಉಬ್ಬು ಬರುತ್ತದೆ. ಒರೆಸಲು ಬರಿ ನೀರು. ಫಿನಾಯಿಲ್ ಹಾಕಿದರೆ ಪದರ ನಿಂತು ಜಾರುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಉದ್ಘಾಟನೆಯ ದೀಪ ಆ ಹಾಸಿನ ಮೇಲೆ ಬರಕೂಡದು. ಒಂದು ಹನಿ ಎಣ್ಣೆ, ಒಂದು ಸೇವಂತಿಗೆ ಎಸಳು ಸಾಕು, ಹುಡುಗಿಯೊಬ್ಬಳ ಮಣಿಕಟ್ಟು ಮುರಿಯಲು. ದೀಪ, ಹಾರ, ಭಾಷಣ ಎಲ್ಲವನ್ನೂ ವೇದಿಕೆಯ ಕೆಳಗೋ ಹೊರಗಿನ ಪಡಸಾಲೆಯಲ್ಲೋ ಮುಗಿಸಿ. ಮೈ ಬಿಸಿ ಮಾಡಿಕೊಂಡು ವಿಂಗಿನಲ್ಲಿ (ವೇದಿಕೆಯ ಬದಿಯ ಪರದೆಯ ಮರೆಯಲ್ಲಿ) ನಿಂತವರು ಸನ್ಮಾನ ಮುಗಿಯುವವರೆಗೆ ಅರ್ಧ ಗಂಟೆ ಕಾದರೆ ಸ್ನಾಯು ತಣ್ಣಗಾಗಿ ಬಿಗಿಯುತ್ತದೆ, ಆಮೇಲೆ ಮೊದಲ ನೆಗೆತದಲ್ಲೇ ಎಳೆತ.

ಪ್ರಶ್ನೆ: ಸಭಾಂಗಣವನ್ನು ಪ್ರದರ್ಶನದ ದಿನ ಮಧ್ಯಾಹ್ನ ನಾಲ್ಕರಿಂದ ಕೊಡುತ್ತೇವೆ ಎನ್ನುತ್ತಾರೆ. ಲೈಟಿಂಗ್‌ನವರು “ಎದುರಿಗೆ ಎಂಟು ಲೈಟು ಹಾಕೋಣ ಬಿಡಿ” ಎನ್ನುತ್ತಾರೆ. ಸಾಕಾಗುತ್ತದೆಯೇ?
— ವಿದ್ಯಾನಗರ, ದಾವಣಗೆರೆ

ಉತ್ತರ: ಒಬ್ಬರದೇ ಕೃತಿಯಾಗಿದ್ದರೂ ಕಷ್ಟ. ಆರು ಜನರದಾದರೆ ಸಾಧ್ಯವೇ ಇಲ್ಲ. 20 ನಿಮಿಷದ ಕೃತಿಗೆ ಜಾಗ ಗುರುತಿಸಿಕೊಳ್ಳಲು ಅರ್ಧ ಗಂಟೆ, ಬೆಳಕಿನ ಕ್ಯೂ (ಯಾವಾಗ ಯಾವ ಲೈಟು ಎಂಬ ಪಟ್ಟಿ) ಬರೆಯಲು ಒಂದು ಗಂಟೆ, ಪೂರ್ತಿ ಒಮ್ಮೆ ಆಡಲು ಅರ್ಧ ಗಂಟೆ, ಒಟ್ಟು ಎರಡು ಗಂಟೆ ಬೇಕು. ದಿನಕ್ಕೆ ಮೂರು ಕೃತಿ ಎಂದರೆ ಆರು ಗಂಟೆ. ಹಾಗಾಗಿ ಮೂರು ದಿನ ಹಿಡಿಯಿರಿ: ಮೊದಲ ದಿನ ನೆಲ ಮತ್ತು ಲೈಟು, ಉಳಿದ ಎರಡೂ ದಿನ ಬೆಳಗ್ಗೆ 9ರಿಂದ 3ರವರೆಗೆ ಟೆಕ್ ರಿಹರ್ಸಲ್ (ಬೆಳಕು, ಧ್ವನಿ ಕೂಡಿಸಿ ಮಾಡುವ ತಾಲೀಮು), ಸಂಜೆ ಪ್ರದರ್ಶನ. ಟೆಕ್ ಅನ್ನು ಹಿಂದುಮುಂದಾಗಿ ಮಾಡಿ. ಸಂಜೆ ಕೊನೆಗೆ ಬರುವ ಕೃತಿ ಬೆಳಗ್ಗೆ ಮೊದಲು ಬಂದರೆ, ಸಂಜೆಯ ಮೊದಲ ಕೃತಿಯ ವ್ಯವಸ್ಥೆ ವೇದಿಕೆಯ ಮೇಲೆ ಉಳಿದಿರುತ್ತದೆ. ನೀರು, ಮಣ್ಣು, ಅಕ್ಕಿ, ಪುಡಿ ಬಳಸುವ ಕೃತಿ ಯಾವುದೇ ಇರಲಿ, ಅದು ಸಂಜೆಯ ಕಟ್ಟಕಡೆಗೆ. ಸಂಯೋಜಕರ ಹಿರಿತನ ನೋಡಿ ಕ್ರಮ ಹಾಕಲು ಹೋಗಬೇಡಿ.

ಎದುರಿನ ಎಂಟು ಲೈಟು ನಾಟಕಕ್ಕೆ ಸರಿ, ಅಲ್ಲಿ ಮುಖ ಕಾಣಬೇಕು. ದಾವಣಗೆರೆಯವರಾದ ಚಿಂದೋಡಿ ಲೀಲಾ ಅವರಂಥವರ ಕಂಪನಿ ರಂಗಭೂಮಿಯಿಂದ ನಿಮ್ಮೂರಿಗೆ ಬಣ್ಣದ ಪರದೆಯ ದೊಡ್ಡ ಪರಂಪರೆಯೇ ಇದೆ, ಲೈಟಿಂಗ್‌ನವರ ಕೈ ಪಳಗಿರುವುದೂ ಅದಕ್ಕೇ. ನೃತ್ಯಕ್ಕೆ ಮೈಯ ಆಕಾರ ಕಾಣಬೇಕು, ಆದ್ದರಿಂದ ಬೆಳಕು ಬದಿಯಿಂದ ಬರಬೇಕು. ಎರಡೂ ಬದಿ ನಾಲ್ಕು ನಾಲ್ಕು ವಿಂಗ್, ಒಂದೊಂದರಲ್ಲಿ ಒಂದು ಕಂಬ, ಕಂಬಕ್ಕೆ ಮೂರು ಲೈಟು: ನೆಲದಿಂದ ಒಂದಡಿ, ನಾಲ್ಕಡಿ, ಏಳಡಿ ಎತ್ತರದಲ್ಲಿ. ಒಟ್ಟು 24. ಹಳೆಯ 1000 ವ್ಯಾಟಿನ ಪಾರ್ (ಡಬ್ಬಿಯಾಕಾರದ ವೇದಿಕೆ ಲೈಟು) ಆದರೆ 24 ಕಿಲೋವ್ಯಾಟ್, ಮೂರು ಫೇಸಿಗೆ ಹಂಚಿದರೂ ಒಂದೊಂದಕ್ಕೆ ಸುಮಾರು 35 ಆಂಪಿಯರ್. ಸಭಾಂಗಣದ ಮೀಟರ್ ತಡೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಕೇಳಿ. ಎಲ್‌ಇಡಿ ಪಾರ್ ಆದರೆ 4 ಕಿಲೋವ್ಯಾಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಸೌಂಡಿಗೆ ಡಿಮ್ಮರ್ (ಲೈಟು ಏರಿಸಿ ಇಳಿಸುವ ಸಾಧನ) ಇಲ್ಲದ ಬೇರೆ ಲೈನ್ ಕೊಡಿ, ಇಲ್ಲವಾದರೆ ಲೈಟು ಇಳಿಸಿದಾಗಲೆಲ್ಲ ಸ್ಪೀಕರ್ ಗುಂಯ್ ಎನ್ನುತ್ತದೆ. ಕಂಬದ ಬುಡಕ್ಕೆ ಮರಳು ಚೀಲ, ಒಂದಡಿ ಎತ್ತರದ ಲೈಟಿನ ಮೂಲೆಗೆ ಬಿಳಿ ಟೇಪ್ ಕಡ್ಡಾಯ. ಬೆಳಕಿನಿಂದ ಕತ್ತಲೆಯ ವಿಂಗಿಗೆ ಓಡಿ ಬರುವವರಿಗೆ ಕಣ್ಣು ಕಾಣುವುದಿಲ್ಲ.

ಈ 24 ಲೈಟು ಆರೂ ಜನರಿಗೆ ಸಮಾನ. ಅದರ ಮೇಲೆ ಒಬ್ಬೊಬ್ಬರಿಗೆ ಎರಡು ವಿಶೇಷ ಲೈಟು ಕೊಡಿ, ಹೆಚ್ಚಿಲ್ಲ ಎಂದು ಆಹ್ವಾನ ಪತ್ರದಲ್ಲೇ ಬರೆಯಿರಿ.

ಪ್ರಶ್ನೆ: ಹಾಡನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಆಗುತ್ತದೆಯೇ?
— ಹರಿಹರ

ಉತ್ತರ: ಬೇಡ, ಅದು ದನಿಯನ್ನು ಕುಗ್ಗಿಸಬಹುದು. ದನಿ ಕುಗ್ಗಿಸದ ವೇವ್ (WAV) ಫೈಲನ್ನು ಎರಡು ಪೆನ್‌ಡ್ರೈವಿನಲ್ಲಿ ತರಲಿ. ವೇದಿಕೆಯ ಎರಡೂ ಬದಿಗೆ ಒಂದೊಂದು ಸ್ಪೀಕರನ್ನು ಒಳಮುಖವಾಗಿ ಇಡಿಸಿ. ಮುಂದಿನ ಸ್ಪೀಕರ್ ಜನರ ಕಡೆಗೆ ತಿರುಗಿರುತ್ತದೆ, ನರ್ತಕರಿಗೆ ಗೋಡೆಗೆ ಬಡಿದು ಬಂದ ತಡವಾದ ತಾಳವೇ ಕೇಳಿಸುತ್ತದೆ.

ಪ್ರಶ್ನೆ: ವಚನಗಳಿಗೆ ನೃತ್ಯ ಸಂಯೋಜಿಸಿದ್ದೇನೆ, ಜನಪ್ರಿಯ ಧ್ವನಿಮುದ್ರಣವೊಂದನ್ನು ಬಳಸಿದ್ದೇನೆ. ಟಿಕೆಟ್ ಇದೆ. ಅನುಮತಿ ಬೇಕೇ?
— ಹೊಳಲ್ಕೆರೆ

ಉತ್ತರ: 12ನೇ ಶತಮಾನದ ವಚನದ ಮಾತಿಗೆ ಬೇಡ. ಈಗಿನವರು ಹಾಕಿದ ರಾಗಕ್ಕೆ ಬೇಕು, ಮುದ್ರಣಕ್ಕೆ ಪ್ರತ್ಯೇಕವಾಗಿ ಬೇಕು. ಎರಡೂ ಬೇರೆ ಬೇರೆ ಹಕ್ಕು. ಹವ್ಯಾಸಿ ಸಂಘಗಳಿಗೆ ಕಾನೂನಿನಲ್ಲಿರುವ ರಿಯಾಯಿತಿ ಹಣ ಕೊಡದ ಪ್ರೇಕ್ಷಕರ ಮುಂದೆ ಆಡುವುದಕ್ಕೆ. ಟಿಕೆಟ್ ಇಟ್ಟಮೇಲೆ ಅದನ್ನು ನಂಬಬೇಡಿ. ಸ್ಥಳೀಯ ಗಾಯಕರಿಂದ ಹೊಸ ರಾಗ ಹಾಕಿಸಿ ಲಿಖಿತ ಒಪ್ಪಿಗೆ ಪಡೆಯುವುದು ಸುಲಭದ ದಾರಿ, ಕೃತಿಗೂ ಹೊಸತನ ಬರುತ್ತದೆ. ಹಾಗೆಯೇ ನಿಮ್ಮ ಸಂಯೋಜನೆಯ ವೀಡಿಯೊ ಮಾಡಿಡಿ: 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನೃತ್ಯ ಸಂಯೋಜನೆ ನಾಟಕ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ, ಆದರೆ ಬರಹದಲ್ಲೋ ಬೇರೆ ರೂಪದಲ್ಲೋ ದಾಖಲಾಗಿರಬೇಕು.

ಪ್ರಶ್ನೆ: ಕಥೆಯೇ ಇಲ್ಲದ ನೃತ್ಯವನ್ನು ನೋಡುವುದು ಹೇಗೆ?
— ಚಿತ್ರದುರ್ಗ

ಉತ್ತರ: ಕಥೆ ಹುಡುಕದೆ ಭಾರ ನೋಡಿ. ಮೈಯ ತೂಕ ಯಾವ ಕಾಲಿಗೆ ಹೋಯಿತು, ಉಸಿರು ಎಲ್ಲಿ ನಿಂತಿತು, ಒಂದೇ ಚಲನೆ ಎರಡನೆಯ ಸಲ ಬಂದಾಗ ಏನು ಬದಲಾಯಿತು. ನೃತ್ಯ ಸಂಯೋಜಕಿ ಚಂದ್ರಲೇಖಾ 1985ರ ‘ಆಂಗಿಕ’ದಲ್ಲಿ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ, ಭರತನಾಟ್ಯಗಳನ್ನು ಪುರಾಣ ಕಥೆಯ ಆಸರೆಯಿಲ್ಲದೆ ಒಟ್ಟಿಗೆ ನಿಲ್ಲಿಸಿದರು. ನೃತ್ಯ ಸಂಯೋಜನೆಯನ್ನೇ ಒಂದು ಓದಾಗಿ ಕಲಿಸಿದ ಮಾಯಾ ರಾವ್ 1987ರಲ್ಲಿ ತಮ್ಮ ಸಂಸ್ಥೆಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದರು. ಒಂದೇ ಸಂಜೆ ಮೂವರ ಕೃತಿ ನೋಡುವಾಗ ಮೂರು ವ್ಯಾಕರಣ ಎದುರಿಗಿರುತ್ತವೆ. ಮೊದಲನೆಯದರ ಅಳತೆಗೋಲಿನಿಂದ ಮೂರನೆಯದನ್ನು ಅಳೆಯಬೇಡಿ.

ಪ್ರಶ್ನೆ: ಡಿಸೆಂಬರಿನಲ್ಲಿ ಬಯಲು ವೇದಿಕೆಯಲ್ಲಿ ಮಾಡಬಹುದೇ?
— ಹೊಸದುರ್ಗ

ಉತ್ತರ: ನಿಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರಿನ ನಾಟಕೋತ್ಸವ ಬಯಲು ರಂಗಮಂದಿರದಲ್ಲೇ ನಡೆಯುತ್ತದೆ, ಆದ್ದರಿಂದ ಚಳಿಗಾಲ ಅಡ್ಡಿಯಲ್ಲ. ಆದರೆ ಬರಿಗಾಲಿಗೆ ಇಬ್ಬನಿ ಅಡ್ಡಿ. ತೆರೆದ ಆಕಾಶದ ಕೆಳಗೆ ವಿನೈಲ್ ಗಾಳಿಗಿಂತ ಬೇಗ ತಣ್ಣಗಾಗಿ ಮೇಲೆ ತೇವ ಕೂರುತ್ತದೆ, ಕಣ್ಣಿಗೆ ಕಾಣುವ ಮೊದಲೇ ಕಾಲಿಗೆ ಜಾರುತ್ತದೆ. 6.30ಕ್ಕೆ ಶುರು ಮಾಡಿ 8.30ರೊಳಗೆ ಮುಗಿಸಿ, ಪ್ರತಿ ಕೃತಿಯ ನಡುವೆ ಇಬ್ಬರು ಒಣ ಹತ್ತಿಬಟ್ಟೆಯಿಂದ ಇಡೀ ನೆಲ ಒರೆಸಲಿ. ಕಪ್ಪು ಹಾಸನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಅಂಟಿಸಬೇಡಿ. ಕಾದು ಹಿಗ್ಗಿದ್ದು ಸಂಜೆ ಕುಗ್ಗಿ ಟೇಪ್ ಎಳೆಯುತ್ತದೆ. ನಾಲ್ಕು ಗಂಟೆಯ ಮೇಲೆ ಅಂಟಿಸಿ. ಗಾಳಿಯಂತ್ರಗಳನ್ನು ತಿರುಗಿಸುವ ಜಿಲ್ಲೆಯ ಗಾಳಿ ಲೈಟಿನ ಕಂಬವನ್ನೂ ಬಿಡುವುದಿಲ್ಲ: ಒಂದೊಂದಕ್ಕೂ ಮೂರು ಕಡೆ ಹಗ್ಗ ಕಟ್ಟಿ ಗೂಟ ಹೊಡೆಸಿ, ಹಿಂದಿನ ಕಪ್ಪು ಪರದೆಯ ಕೆಳಗಿನ ಮಡಿಕೆಗೆ ಕಬ್ಬಿಣದ ಪೈಪ್ ತೂರಿಸಿ.